ಬೇವಿನ ಮರದ ಸ್ಟಾಪಿನಲ್ಲಿ ಹಿಡಿಯುತ್ತಿದ್ದ ಎದೆ

ಜೂನ್ ತಿಂಗಳ ಒಂದು ಮಧ್ಯಾಹ್ನ ಲಿಂಗಸುಗೂರಿನಿಂದ ಸಿಂಧನೂರಿಗೆ ಹೊರಟಿದ್ದ ಸರ್ಕಾರಿ ಬಸ್ಸೊಂದು ಮಸ್ಕಿಯಲ್ಲಿ ನಮ್ಮ ಆಸ್ಪತ್ರೆಯ ಗೇಟಿನ ಮುಂದೆ ನಿಂತಿತು. ನಿಲ್ಲಬೇಕಾದ ಜಾಗವಲ್ಲ ಅದು. ಕಂಡಕ್ಟರ್ ತಮ್ಮ ಚಾಲಕರ ಭುಜ ಹಿಡಿದು ನನ್ನ ಕೋಣೆಗೆ ಕರೆತಂದರು. ನಲವತ್ತೈದರ ಆಸುಪಾಸಿನ ಗಟ್ಟಿ ಆಳು. ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿತ್ತು, ಅಂಗೈ ಎದೆಯ ನಡುವೆ ಒತ್ತಿಕೊಂಡಿತ್ತು. ತುಂಬಿದ ಬಸ್ಸು ಹೊರಗೆ ಬಿಸಿಲಿನಲ್ಲಿ ಕಾಯುತ್ತಿತ್ತು.

ನಾನು ಮಾಡಬೇಕಾದ್ದನ್ನೆಲ್ಲ ಕ್ರಮವಾಗಿ ಮಾಡಿದೆ. ನಾಡಿ, ಎರಡೂ ಕೈಯ ರಕ್ತದೊತ್ತಡ, ಇಸಿಜಿ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಇಸಿಜಿ. ಎಲ್ಲವೂ ಸರಿಯಿತ್ತು. ಆದರೂ ಬಿಡದೆ ರಾಯಚೂರಿಗೆ ಕಳಿಸಿದೆ. ಅಲ್ಲಿ ಹೃದಯದ ಸ್ಕ್ಯಾನ್ ಮಾಡಿದರು, ಓಡುವ ಯಂತ್ರದ ಮೇಲೆ ನಡೆಸಿ ನೋಡಿದರು, ಏನೂ ಇಲ್ಲ ಎಂದು ಬರೆದು ಕಳಿಸಿದರು. ಮುಂದಿನ ವಾರ ಅವರು ಮತ್ತೆ ಬಂದರು. ಅದೇ ಬಿಗಿತ, ಅದೇ ಜಾಗ. ಗ್ಯಾಸಿನ ಮಾತ್ರೆ ಕೊಟ್ಟೆ. ಮತ್ತೆ ಬಂದರು. ನೋವಿನ ಮುಲಾಮು ಕೊಟ್ಟೆ. ಬಂದಾಗಲೆಲ್ಲ ಇಸಿಜಿ ತೆಗೆದು, ಪಟ್ಟಿಯನ್ನು ಅವರೆದುರು ಹಿಡಿದು, ಏನೂ ಆಗಿಲ್ಲ, ಧೈರ್ಯವಾಗಿರಿ ಎಂದು ಹೇಳುತ್ತಿದ್ದೆ. ಆ ಧೈರ್ಯ ಸಿಂಧನೂರು ಮುಟ್ಟುವವರೆಗೂ ಉಳಿಯುತ್ತಿರಲಿಲ್ಲ.

ನಮ್ಮ ನರ್ಸ್ ತಮಾಷೆ ಮಾಡುತ್ತಿದ್ದರು. "ಇವರಿಗೆ ಜೆಲ್ ಹಚ್ಚೋದು ಬ್ಯಾಡ್ರಿ ಮೇಡಂ, ವೈರು ತಾವಾಗೇ ಹೋಗಿ ಎದಿ ಮ್ಯಾಲೆ ಕೂಡ್ತಾವ."

ಆಗಸ್ಟಿನಲ್ಲಿ ಡಿಪೋದವರು ಅವರನ್ನು ರೂಟಿನಿಂದ ಇಳಿಸಿದರು. ಅಂಗಳದಲ್ಲಿ ಬಸ್ಸು ತೊಳೆಸುವ, ಸಾಲಿಗೆ ಹಚ್ಚಿಸುವ ಕೆಲಸ ಕೊಟ್ಟರು. ಅಕ್ಟೋಬರ್ ಕೊನೆಯೊಳಗೆ ಒಂದು ಪೂರ್ತಿ ವಾರ ಅದೇ ರೂಟಿನಲ್ಲಿ ಗಾಡಿ ಓಡಿಸಿ ತೋರಿಸಬೇಕು, ಜೊತೆಗೆ ವೈದ್ಯರ ಸರ್ಟಿಫಿಕೇಟ್ ತರಬೇಕು. ಇಲ್ಲದಿದ್ದರೆ ಚಾಲಕನ ಹುದ್ದೆಯೇ ಹೋಗಿ ಕಾಯಂ ಅಂಗಳದ ಕೆಲಸ. ಹತ್ತೊಂಬತ್ತು ವರ್ಷ ಸ್ಟೇರಿಂಗ್ ಹಿಡಿದವರು ಇದನ್ನು ನನಗೆ ಹೇಳುವಾಗ ನೆಲ ನೋಡುತ್ತಿದ್ದರು. "ಕಸಬರಿಗಿ ಹಿಡಿಸ್ತಾರಂತ್ರಿ," ಎಂದಷ್ಟೇ ಹೇಳಿದರು.

ಇಲ್ಲಿ ಪಕ್ಕದ ಕೋಣೆಯವಳ ವಿಷಯ ಬರಬೇಕು.

ಅವಳು ಜುಲೈನಲ್ಲಿ ನಮ್ಮ ಆಸ್ಪತ್ರೆಗೆ ವೈದ್ಯೆಯಾಗಿ ಸೇರಿದ್ದಳು. ಓದಿನಲ್ಲಿ ನನಗಿಂತ ಒಂದು ವರ್ಷ ಚಿಕ್ಕವಳು, ಪದವಿ ಒಂದೇ. ಗುರುಗುಂಟಾದವಳು, ಲಿಂಗಸುಗೂರಿನಲ್ಲಿ ಕೋಣೆ ಮಾಡಿಕೊಂಡು ದಿನಾ ಮಸ್ಕಿಗೆ ಬಂದು ಹೋಗುತ್ತಿದ್ದಳು. ನಾನು ಸಿಂಧನೂರಿನಿಂದ ಬರುವವಳು. ನಮ್ಮಿಬ್ಬರ ಕೋಣೆಗಳ ನಡುವೆ ಇರುವುದು ಪ್ಲೈವುಡ್ಡಿನ ಗೋಡೆ. ಮನಸ್ಸಿನ ಒತ್ತಡ ದೇಹದಲ್ಲಿ ನೋವಾಗಿ ಕಾಣಿಸಿಕೊಳ್ಳುವ ರೋಗಿಗಳನ್ನು ನೋಡುವ ಬಗ್ಗೆ ಅವಳು ಕೆಲವು ತಿಂಗಳು ತರಬೇತಿ ಪಡೆದು ಬಂದಿದ್ದಳು. ತಲೆಶೂಲೆ, ಮೈ ಜುಮ್ಮೆನ್ನುವುದು, ಹೊಟ್ಟೆ ಸುಡುವುದು, ಕೈಕಾಲು ಸೆಳೆತ: ಪರೀಕ್ಷೆಯಲ್ಲಿ ಏನೂ ಸಿಗದೆ ತಿಂಗಳುಗಟ್ಟಲೆ ಅಲೆಯುವವರು ಒಬ್ಬೊಬ್ಬರಾಗಿ ಅವಳ ಕೋಣೆಯ ಕಡೆ ಸರಿಯತೊಡಗಿದರು. ಅವರಲ್ಲಿ ಅರ್ಧ ಜನ ನನ್ನ ರೋಗಿಗಳು.

ನಾನು ದಿನಚರಿ ಬರೆಯುವವಳು. ಎಷ್ಟು ಜನ ಬಂದರು, ಯಾವ ದೂರು, ಎಷ್ಟು ಜನ ಮರಳಿ ಬಂದರು ಎಂದು ದಿನಾ ಗುರುತು ಹಾಕುವುದು ಕಾಲೇಜಿನ ಕಾಲದ ಅಭ್ಯಾಸ. ಆ ಪುಟಕ್ಕೆ ಯಾವಾಗಲೋ ಇನ್ನೊಂದು ಗೆರೆ ಎಳೆದು, ಪಕ್ಕದ ಕೋಣೆಯ ಲೆಕ್ಕವನ್ನೂ ಹಾಕತೊಡಗಿದ್ದೆ. ನಂಬರು ಕೂಗುವ ಆಯಮ್ಮ ಇದನ್ನು ನೋಡಿ ಸಮಾಧಾನ ಹೇಳಿದರು, ಆಕೆಯ ಕೋಣೆಯ ಫ್ಯಾನು ಜೋರಾಗಿ ತಿರುಗುತ್ತದೆ, ಜನ ಅದಕ್ಕೇ ಅಲ್ಲಿಗೆ ಹೋಗುತ್ತಾರೆ ಎಂದು. ಊಟದ ಹೊತ್ತಿನಲ್ಲಿ ಹೋಗಿ ನೋಡಿದೆ. ಎರಡೂ ಫ್ಯಾನು ಒಂದೇ ಥರ ತೆವಳುತ್ತಿದ್ದವು.

ಸೆಪ್ಟೆಂಬರಿನಲ್ಲಿ ನಾನು ಎರಡು ದಿನ ರಜೆ ಹಾಕಿದ್ದಾಗ ಚಾಲಕರು ಬಂದು ಅವಳ ಕೋಣೆಗೆ ಹೋದರು. ಆಮೇಲೆ ನನ್ನ ಕೋಣೆಗೆ ಬರಲಿಲ್ಲ.

ಅವರು ಅವಳಿಗೆ ಏನು ಹೇಳಿದರು ಎಂಬುದು ನನಗೆ ಅವಳಿಂದಲೇ ತಿಳಿಯಿತು. ಮಸ್ಕಿ ಬಸ್ ನಿಲ್ದಾಣ ಬಿಟ್ಟು ಸಿಂಧನೂರಿನ ಕಡೆ ಊರು ಮುಗಿಯುವಲ್ಲಿ, ನಮ್ಮ ಆಸ್ಪತ್ರೆಗೆ ಹತ್ತಿರವೇ, ಒಂದು ಬೇವಿನ ಮರದ ಸ್ಟಾಪು ಇದೆ. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಗಾಡಿ ನಿಲ್ದಾಣದಲ್ಲೇ ಮೆಟ್ಟಿಲವರೆಗೆ ತುಂಬಿ ಬರುತ್ತದೆ. ಹೊಲದ ಕೆಲಸ ಮುಗಿಸಿದ ಹೆಂಗಸರು ಬೇವಿನ ಮರದ ಕೆಳಗೆ ಕಾಯುತ್ತಿರುತ್ತಾರೆ. ಬೇಸಿಗೆಯಲ್ಲೊಂದು ದಿನ ಇವರು ಅಲ್ಲಿ ನಿಲ್ಲಿಸದೆ ಹೋದರು. ಒಬ್ಬ ಮುದುಕಿ ಬಸ್ಸಿನ ಹಿಂದೆ ಓಡಿ ಬಿದ್ದಳು. ಯಾರೋ ವೀಡಿಯೊ ಮಾಡಿದರು. ಮರುದಿನ ಇವರು ನಿಲ್ಲಿಸಿದಾಗ ಕಿಟಕಿಯ ಹತ್ತಿರ ಫೋನು ಹಿಡಿದು ಇವರ ಮುಖದ ಚಿತ್ರವನ್ನೂ ತೆಗೆದರು. ಎರಡನ್ನೂ ಕೂಡಿಸಿ, ಬೈಗುಳ ಬರೆದು ಊರೆಲ್ಲ ಹಂಚಿದರು. ಅದು ಅವರ ಮಗಳ ಗಂಡನ ಮನೆಯವರ ಫೋನಿಗೂ ಹೋಯಿತು. ಮುದುಕಿಗೆ ಹೆಚ್ಚೇನೂ ಪೆಟ್ಟಾಗಿರಲಿಲ್ಲ. ಆದರೆ ಆವತ್ತಿನಿಂದ ಆ ಸ್ಟಾಪು ಹತ್ತಿರ ಬಂದರೆ ಇವರ ಎದೆ ಹಿಡಿಯುತ್ತಿತ್ತು. ಸಿಂಧನೂರಿನಿಂದ ವಾಪಸು ಬರುವಾಗ ಹಿಡಿಯುತ್ತಿರಲಿಲ್ಲ. ಆಗ ಆ ಸ್ಟಾಪು ರಸ್ತೆಯ ಆಚೆ ಬದಿ.

ಆ ವೀಡಿಯೊ ನಾನೂ ನೋಡಿದ್ದೆ. ಮುಖ ಗುರುತು ಸಿಕ್ಕಿರಲಿಲ್ಲ.

"ಹೋಗುವಾಗ ಹಿಡೀತೈತಿ, ಬರುವಾಗ ಇಲ್ಲ ಅಂದ್ರು. ಅಲ್ಲಿಂದ ಸುಲಭ ಆಯ್ತು," ಎಂದಳು ಅವಳು, ಚಹಾ ಕುಡಿಯುತ್ತ. "ನೀ ಕೇಳಿರಲಿಲ್ಲೇನು?"

ಅವಳು ಚುಚ್ಚಲು ಕೇಳಿದ್ದಲ್ಲ. ಚುಚ್ಚಲು ಕೇಳಿದ್ದರೆ ಚೆನ್ನಾಗಿತ್ತು, ತಿರುಗಿ ಏನಾದರೂ ಅನ್ನಬಹುದಿತ್ತು.

ಮುಂದಿನ ಭೇಟಿಗೆ ನನ್ನನ್ನೂ ಕರೆದಳು. ಇಬ್ಬರೂ ಒಂದೇ ಮಾತು ಹೇಳಿದರೆ ಅವರಿಗೆ ನಂಬಿಕೆ ಬರುತ್ತದೆ ಎಂದಳು. ನಾನು ಬಾಗಿಲಿನ ಪಕ್ಕ ನಿಂತೆ. ಅವಳು ರಾಯಚೂರಿನ ವರದಿಗಳನ್ನು ಒಂದು ಸಲ ಪೂರ್ತಿ ಓದಿ ಹೇಳಿ ಮುಚ್ಚಿಟ್ಟಳು. ಎದೆ, ಹೊಟ್ಟೆ, ಕುತ್ತಿಗೆ ಎಲ್ಲವನ್ನೂ ಮುಟ್ಟಿ ಪರೀಕ್ಷಿಸಿದಳು. ಆಮೇಲೆ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಬಾಯಿ ತೆರೆದು ಜೋರಾಗಿ, ಬೇಗ ಬೇಗ ಉಸಿರಾಡಲು ಹೇಳಿದಳು. ಅವಳೂ ಜೊತೆಗೆ ಹಾಗೇ ಉಸಿರಾಡಿದಳು. ಒಂದು ನಿಮಿಷ ಆಗುವಷ್ಟರಲ್ಲಿ ಅವರ ಬೆರಳು ಸೆಟೆದವು, ತುಟಿ ಜುಮ್ಮೆಂದಿತು, ಕೈ ಎದೆಗೆ ಹೋಯಿತು.

"ಇದೇ ರೀ," ಎಂದರು. "ಇದೇ ಅದು."

ಅವಳು ನಿಲ್ಲಿಸಿ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಾಲ್ಕು ಎಣಿಸುತ್ತ ಉಸಿರು ತೆಗೆದುಕೊಂಡು ಆರು ಎಣಿಸುತ್ತ ಬಿಡಲು ಹೇಳಿದಳು. ಬಿಗಿತ ಇಳಿಯಿತು. ನೋವು ಸುಳ್ಳಲ್ಲ, ಹೃದಯದ್ದೂ ಅಲ್ಲ. ಹೆದರಿದ ದೇಹ ಉಸಿರನ್ನು ಮೇಲೆ ಎಳೆದುಕೊಂಡು ಎದೆಯ ಸ್ನಾಯುಗಳನ್ನು ಬಿಗಿ ಹಿಡಿಯುತ್ತದೆ, ಅದನ್ನು ನಾವೇ ತರಿಸಿದೆವು, ನಾವೇ ಕಳಿಸಿದೆವು ಎಂದು ವಿವರಿಸಿದಳು. ಅವರು ಅವಳನ್ನು ನೋಡುತ್ತಿದ್ದ ರೀತಿಯಲ್ಲಿ ನನ್ನನ್ನು ಯಾವ ರೋಗಿಯೂ ನೋಡಿರಲಿಲ್ಲ. ಇದು ಕೆಡಲಿ ಎಂದು ನಾನು ಅಲ್ಲಿ ನಿಂತು ಬಯಸಿದೆ. ಅವರಿಗೆ ಏನೂ ಆಗುವುದು ಬೇಡ, ಅವಳ ವಿದ್ಯೆ ಮಾತ್ರ ಕೆಡಲಿ ಎಂದು. ಇವೆರಡನ್ನೂ ಬೇರೆ ಮಾಡುವುದು ಹೇಗೆ ಎಂದು ಯೋಚಿಸಲಿಲ್ಲ.

ಅವರು ಹೋದ ಮೇಲೆ ಅವಳು ನನ್ನ ಕಡೆ ತಿರುಗಿದಳು. "ಇನ್ನ ಮ್ಯಾಲೆ ಬಂದಾಗೊಮ್ಮೆ ಇಸಿಜಿ ಬ್ಯಾಡ. ನಾವು ತೆಗಿಯೋದು ನೋಡಿ ಅವರಿಗೆ ಎದಿಯೊಳಗ ಏನೋ ಐತಿ ಅಂತ ಅನುಮಾನ ಹೆಚ್ಚಾಕತ್ತೈತಿ. ನೋವಿನ ರೀತಿ ಬದಲಾದ್ರ, ಬೆವರು ಬಂದ್ರ, ಕೈಗೆ ಗದ್ದಕ್ಕ ಹರಿದ್ರ ಮಾತ್ರ ತೆಗಿ."

ನಿಯಮ ಸರಿಯಾಗಿಯೇ ಇತ್ತು. ಅದನ್ನು ಹೇಳಿದವಳು ಅವಳು ಎಂಬುದಷ್ಟೇ ನನ್ನ ತಕರಾರು.

ಪ್ರತಿ ಗುರುವಾರ, ನೋವಿರಲಿ ಬಿಡಲಿ, ಬರಲು ಹೇಳಿದಳು. ಮೊದಲು ಪ್ರಯಾಣಿಕನಾಗಿ ಆ ರೂಟಿನಲ್ಲಿ ಹೋಗಿಬರುವುದು, ಆಮೇಲೆ ಡಿಪೋದ ಅಂಗಳದಲ್ಲಿ ಖಾಲಿ ಗಾಡಿ ಓಡಿಸುವುದು, ಕೊನೆಗೆ ರೂಟು. ತಾಸಿಗೊಮ್ಮೆ ಫೋನು ಮಾಡಿ ಎದೆ ಹೇಗಿದೆ ಎಂದು ಕೇಳುತ್ತಿದ್ದ ಅವರ ಹೆಂಡತಿಯನ್ನು ಕರೆಸಿ, ಇನ್ನು ಫೋನು ಮಾಡಿದರೆ ಸಂತೆಯಿಂದ ಏನು ತರಬೇಕೆಂದು ಮಾತ್ರ ಹೇಳಿ ಎಂದಳು. ಪ್ಲೈವುಡ್ಡಿನ ಆಚೆ ಮೂವರೂ ನಗುವುದು ಕೇಳಿಸುತ್ತಿತ್ತು. ನನ್ನ ಮುಂದೆ ಕೆಮ್ಮಿನ ರೋಗಿ ಕೂತಿರುತ್ತಿದ್ದ.

ಅಕ್ಟೋಬರಿನ ಮೂರನೆಯ ವಾರ ಡಿಪೋದವರು ಪರೀಕ್ಷೆಯ ವಾರ ಗೊತ್ತುಮಾಡಿದರು. ಸೋಮವಾರದಿಂದ ಶನಿವಾರ. ಮುನ್ನೆಚ್ಚರಿಕೆಗೆ ಪಕ್ಕದಲ್ಲಿ ಇನ್ನೊಬ್ಬ ಚಾಲಕ ಇರುತ್ತಾರೆ. ಅವರ ಕೈಗೆ ಸ್ಟೇರಿಂಗ್ ಹೋಗದೆ ಕೊನೆಯ ಮೂರು ದಿನವಾದರೂ ಮುಗಿಸಬೇಕು. ಅದೇ ವಾರ ಪಕ್ಕದ ಕೋಣೆಯವಳಿಗೆ ಬೇರೆ ಜಿಲ್ಲೆಯಲ್ಲಿ ತರಬೇತಿಗೆ ಬರಲು ಆದೇಶ ಬಂತು. ಹೋಗುವ ಮುಂಚೆ ಚಾಲಕರನ್ನು ನನಗೆ ಒಪ್ಪಿಸಿದಳು. ಸರ್ಟಿಫಿಕೇಟಿಗೆ ಸಹಿ ಹಾಕಬೇಕಾದವಳೂ ನಾನೇ.

ಸೋಮವಾರ ಮಧ್ಯಾಹ್ನ ಅವರು ನನ್ನ ಕೋಣೆಗೆ ಬಂದರು. ಬೇವಿನ ಮರದ ಹತ್ತಿರ ಎದೆ ಹಿಡಿದು, ಗಾಡಿಯನ್ನು ಇನ್ನೊಬ್ಬ ಚಾಲಕರಿಗೆ ಕೊಟ್ಟು ಇಳಿದುಬಿಟ್ಟಿದ್ದರು. ಕಣ್ಣು ಕೆಂಪಾಗಿದ್ದವು.

"ಒಂದು ಪಟ್ಟಿ ತೆಗೀರಿ ಮೇಡಂ. ಒಂದ."

ನಾಡಿ ನೋಡಿದೆ. ಬೆವರಿಲ್ಲ. ನೋವು ಕೈಗಾಗಲಿ ಗದ್ದಕ್ಕಾಗಲಿ ಹರಿದಿಲ್ಲ. ಒತ್ತಡ ಎಂದಿನಂತೆ. ಆಮ್ಲಜನಕ ಸರಿಯಿದೆ. ಜೂನಿನಿಂದ ಅವರು ಹೇಳುತ್ತ ಬಂದ ನೋವೇ, ಅದೇ ಜಾಗದಲ್ಲಿ. ಯಂತ್ರ ಮೂಲೆಯಲ್ಲಿತ್ತು. ತೆಗೆದರೆ ಅವರಿಗೆ ಒಂದು ದಿನದ ನೆಮ್ಮದಿ. ನನಗೆ ಅವಳ ವಿಧಾನ ಸೋತಿತು ಎಂಬುದಕ್ಕೆ ಒಂದು ಸಾಕ್ಷಿ. ಕೈ ಮುಂದಾಗಿತ್ತು ಕೂಡ. ಆದರೆ ತೆಗೆದರೆ ಇವರು ಮತ್ತೆ ಜೂನಿಗೆ ಹೋಗುತ್ತಾರೆ, ಮತ್ತೆ ನನ್ನ ಆ ಪಟ್ಟಿಗಳಿಗೆ, ಮತ್ತೆ ಅಂಗಳಕ್ಕೆ. ಇಲ್ಲ ಎಂದೆ. ಇದು ಹಳೆಯ ನೋವೇ, ಬದಲಾಗಿಲ್ಲ ಎಂಬುದಕ್ಕೆ ಕಾರಣಗಳನ್ನು ಒಂದೊಂದಾಗಿ ವಿವರಿಸಿದೆ. ನಾಳೆ ನಾನೇ ನಿಮ್ಮ ಗಾಡಿಯಲ್ಲಿ ಬರುತ್ತೇನೆ ಎಂದೂ ಹೇಳಿದೆ.

ಮಂಗಳವಾರ ಅರ್ಧ ದಿನ ರಜೆ ಹಾಕಿ ಲಿಂಗಸುಗೂರಿಗೆ ಹೋಗಿ ಅವರ ಬಸ್ಸು ಹತ್ತಿದೆ. ಎಂಜಿನ್ ಪಕ್ಕದ ಉದ್ದ ಸೀಟಿನಲ್ಲಿ ಎರಡನೆಯ ಚಾಲಕರ ಪಕ್ಕ ಜಾಗ ಸಿಕ್ಕಿತು. ಊರು ಬಿಟ್ಟ ಮೇಲೆ ಚೆನ್ನಾಗಿಯೇ ಓಡಿಸಿದರು. ಎತ್ತಿನ ಬಂಡಿಗೆ, ಟ್ರ್ಯಾಕ್ಟರಿಗೆ ದಾರಿ ಬಿಡುವ ಅವರ ಕೈ ನೋಡುವಂತಿತ್ತು. ಮಸ್ಕಿ ಹತ್ತಿರವಾಗುತ್ತಿದ್ದಂತೆ ಅವರ ತುಟಿ ಅಲುಗತೊಡಗಿತು. ಎಣಿಸುತ್ತಿದ್ದರು. ನಾಲ್ಕು ಒಳಗೆ, ಆರು ಹೊರಗೆ. ಭುಜಗಳು ಕಿವಿಯ ಹತ್ತಿರ ಬಂದಿದ್ದವು. ಮಸ್ಕಿ ನಿಲ್ದಾಣ ಬಿಟ್ಟ ಮೇಲೆ ಎಡಗೈ ಸ್ಟೇರಿಂಗ್ ಬಿಟ್ಟು ಹೊಟ್ಟೆಯ ಮೇಲೆ ಹೋಗಿ ಕೂತಿತು, ಅವಳು ಕುರ್ಚಿಯಲ್ಲಿ ಕೂರಿಸಿ ಕಲಿಸಿದ ಹಾಗೆಯೇ.

"ಲೇ, ಹೊಟ್ಟಿ ಬಿಡಲೇ, ಸ್ಟೇರಿಂಗ್ ಹಿಡಿ," ಎಂದರು ಎರಡನೆಯ ಚಾಲಕರು. ಆಮೇಲೆ ನನ್ನ ಕಡೆ ವಾಲಿದರು. "ನಿನ್ನೀನೂ ಹಿಂಗ ಮಾಡ್ಯಾನ್ರಿ. ಬಸುರಿ ಹೆಂಗಸಿನಂಗ ಹೊಟ್ಟಿ ಹಿಡ್ಕೊಂಡು ಹೊಂಟಾನ."

ಬೇವಿನ ಮರ ಬಂತು. ಚಾಲಕರು ಕತ್ತು ನೆಟ್ಟಗೆ ಮಾಡಿ ಮುಂದಿನ ರಸ್ತೆಯನ್ನಷ್ಟೇ ನೋಡುತ್ತ ಗಾಡಿಯನ್ನು ಸ್ಟಾಪಿನಿಂದ ಬಹಳ ಮುಂದೆ ತಂದು ನಿಲ್ಲಿಸಿದರು. ಹೆಂಗಸರು ಬುತ್ತಿಗಂಟು ಹಿಡಿದು ಓಡಿ ಬಂದರು. ಓಡಿಸಿದ್ದಕ್ಕೆ ಬೈದರು. "ಫುಕಟ್ ಟಿಕೀಟಿನ ಮಂದಿ ಅಂತ ಓಡಿಸ್ತೀಯೇನಪಾ?" ಅವರು ತಿರುಗಲಿಲ್ಲ. ಕೈ ಎದೆಗೆ ಹೋಯಿತು. ಎರಡನೆಯ ಚಾಲಕರು ಸೀಟು ಬದಲಿಸಿದರು.

ಆ ಕ್ಷಣದಲ್ಲಿ ನನಗೆ ಆದದ್ದು ಸಂತೋಷ. ಅವಳು ಕಲಿಸಿದ್ದು ಎಲ್ಲಿ ತಪ್ಪಿತು ಎಂಬುದು ನನಗೆ ಕಂಡಿತ್ತು, ಅವಳಿಗೆ ಕಂಡಿರಲಿಲ್ಲ. ಅಲುಗದ ಕುರ್ಚಿಯ ಮೇಲೆ ಕಲಿಸಿದ ಉಸಿರು ಓಡುವ ಗಾಡಿಯಲ್ಲಿ ತಾನೇ ಒಂದು ಪರೀಕ್ಷೆಯಾಗಿತ್ತು. ನೋವು ಬರುವ ಮೊದಲೇ ಅವರು ಅದನ್ನು ಎಣಿಸುತ್ತ ಕಾಯುತ್ತಿದ್ದರು. ಅದಕ್ಕಿಂತ ಮುಖ್ಯವಾದದ್ದು, ಅವರು ತಪ್ಪಿಸಿಕೊಳ್ಳುತ್ತಿದ್ದದ್ದು ಸ್ಟಾಪನ್ನಲ್ಲ, ಅಲ್ಲಿ ನಿಂತವರ ಮುಖಗಳನ್ನು. ಅದಕ್ಕೇ ಗಾಡಿ ಮುಂದೆ ಹೋಗಿ ನಿಲ್ಲುತ್ತಿತ್ತು. ಗಾಡಿ ಮುಂದೆ ನಿಂತಿದ್ದಕ್ಕೆ ಜನ ಬೈಯುತ್ತಿದ್ದರು.

ಸಿಂಧನೂರು ನಿಲ್ದಾಣದಲ್ಲಿ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಇದನ್ನು ಅವರಿಗೆ ಹೇಳಿದೆ. ಗಾಡಿ ಓಡಿಸುವಾಗ ಎಣಿಕೆ ಬೇಡ, ಹೊಟ್ಟೆಯ ಮೇಲೆ ಕೈ ಬೇಡವೇ ಬೇಡ. ಉಸಿರಿನ ಅಭ್ಯಾಸ ಗಾಡಿ ನಿಲ್ಲಿಸಿ ಇಳಿದ ಮೇಲೆ, ಮನೆಯಲ್ಲಿ. ಸ್ಟಾಪಿನಲ್ಲಿ ಮಾತ್ರ ಬೇರೆ ಕೆಲಸ: ಗಾಡಿಯನ್ನು ಮರದ ಎದುರಿಗೇ ನಿಲ್ಲಿಸುವುದು, ನ್ಯೂಟ್ರಲ್ ಮಾಡಿ ಹ್ಯಾಂಡ್ ಬ್ರೇಕ್ ಎಳೆಯುವುದು, ಎಡಕ್ಕೆ ತಿರುಗಿ ಜನರ ಮುಖ ನೋಡುವುದು. ಜಾಗ ಇದ್ದರೆ ಹತ್ತಿ ಅನ್ನುವುದು, ಇಲ್ಲದಿದ್ದರೆ ಇಲ್ಲ ಅನ್ನುವುದು. ಎದೆ ಹಿಡಿದರೆ ಹಿಡಿಯಲಿ, ನಿಂತ ಗಾಡಿಯಲ್ಲಿ ಅದು ಬಂದು ಹೋಗುವವರೆಗೆ ಇರುವುದು.

"ಮಾರಿ ನೋಡಿದ್ರ ಫೋನ್ ಎತ್ತತಾರ್ರಿ."

"ಎತ್ತಲಿ. ನಿಂತ ಗಾಡಿ ವೀಡಿಯೊ ಮಾಡಿ ಏನ್ ಮಾಡ್ತಾರ?"

ಅವರು ಲೋಟ ಬೆಂಚಿನ ಮೇಲಿಟ್ಟರು. ಆಮೇಲೆ, ಇದನ್ನು ಆ ಮೇಡಂಗೆ ಕೇಳಿದ್ದೀರಾ ಎಂದರು.

ಕೇಳುವುದು ಕ್ರಮ. ಅವಳ ರೋಗಿ, ಅವಳ ಯೋಜನೆ. ಸಂಜೆ ಫೋನು ಮಾಡಿದೆ. ಅವಳು ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಇಷ್ಟು ಖುಷಿಯಿಂದ ನಾನು ಯಾವ ಫೋನನ್ನೂ ಕೆಳಗಿಟ್ಟಿಲ್ಲ.

ಬುಧವಾರ ಗಾಡಿ ಮರದ ಎದುರಿಗೇ ನಿಂತಿತು. ಅವರು ತಿರುಗಲಿಲ್ಲ, ಎದೆ ಹಿಡಿಯಿತು, ಆದರೆ ಸೀಟು ಬಿಡಲಿಲ್ಲ. ನಾನು ಎಂಜಿನ್ ಪಕ್ಕದ ಸೀಟಿನಲ್ಲಿದ್ದೆ. ವಾರದ ಉಳಿದ ದಿನಗಳಿಗೂ ಅರ್ಧ ದಿನದ ರಜೆ ಹಾಕಿದ್ದೆ. ಅವರ ಕತ್ತಿನ ನರ ಎದ್ದು ನಿಂತಿದ್ದನ್ನು ನೋಡುತ್ತ ಕೂತೆ. ಕೊನೆಯ ಹೆಂಗಸು ಹತ್ತಿದಳು. ಅವರು ಗೇರ್ ಹಾಕಿದರು.

ಗುರುವಾರ ತಿರುಗಿ ನೋಡಿದರು. ಕೆಳಗಿನ ಗುಂಪಿನ ಮುಂದೆ ಸೊಂಟಕ್ಕೆ ಕುಡಗೋಲು ಸಿಕ್ಕಿಸಿಕೊಂಡ ಹೆಂಗಸೊಬ್ಬಳು ನಿಂತಿದ್ದಳು. ಅವಳು ಇವರ ಮುಖವನ್ನು ಒಂದು ಗಳಿಗೆ ದಿಟ್ಟಿಸಿದಳು.

"ಏನಪಾ, ಇವತ್ತ ಮಾರಿ ತೋರಿಸಾಕತ್ತೀದಿ. ಮದಿವಿ ಗೊತ್ತಾಗೈತೇನು?"

ಬಸ್ಸು ಪೂರ್ತಿ ನಕ್ಕಿತು. ಇವರು ಮುಖ ತಿರುಗಿಸಲಿಲ್ಲ. "ಆಗೈತಿ ಬೇ," ಎಂದರು. "ದಿಬ್ಬಣ ಹೊಂಟೈತಿ, ಹತ್ತು ಲಗೂನ."

ಸಿಂಧನೂರಿನಲ್ಲಿ ಇಳಿದ ಮೇಲೆ ಎದೆಯ ಬಗ್ಗೆ ಕೇಳಿದೆ. "ಹಿಡೀತ್ರಿ," ಎಂದರು. ಗಾಡಿಯ ಬಾಗಿಲು ಹಾಕುತ್ತ, "ಬಿಡ್ತು," ಎಂದರು.

ಶುಕ್ರವಾರ ಮತ್ತೆ ಜೋರಾಗಿ ಹಿಡಿಯಿತು. ಯಾರೋ ಹುಡುಗಿ ಫೋನು ನೋಡುತ್ತ ನಿಂತಿದ್ದಳು, ಇವರಿಗೆ ತಮ್ಮದೇ ಚಿತ್ರ ತೆಗೆಯುತ್ತಿದ್ದಾಳೆ ಅನಿಸಿತು. ಆದರೂ ಹ್ಯಾಂಡ್ ಬ್ರೇಕ್ ಮೇಲೆ ಕೈಯಿಟ್ಟುಕೊಂಡು ಕಾದರು. ಶನಿವಾರ ಮುಗಿಯಿತು. ಮೂರು ದಿನವೂ ಎರಡನೆಯ ಚಾಲಕರ ಕೈಗೆ ಸ್ಟೇರಿಂಗ್ ಹೋಗಿರಲಿಲ್ಲ. ಇನ್ನೊಮ್ಮೆ ಪೂರ್ತಿ ಪರೀಕ್ಷಿಸಿ, ನೋವು ಬಂದಾಗ ತಲೆ ಸುತ್ತಿಲ್ಲ, ಕಣ್ಣು ಮಂಜಾಗಿಲ್ಲ ಎಂಬುದನ್ನು ಎರಡನೆಯ ಚಾಲಕರಿಂದಲೂ ಖಚಿತ ಮಾಡಿಕೊಂಡು ಸರ್ಟಿಫಿಕೇಟಿಗೆ ಸಹಿ ಹಾಕಿದೆ. ಡಿಪೋದವರು ಅವರನ್ನು ರೂಟಿಗೆ ಮರಳಿ ಹಾಕಿಕೊಂಡರು.

ಅವಳು ತರಬೇತಿಯಿಂದ ಬಂದ ದಿನ ನಾನು ಬೇಗ ಹೋಗಿ ಕಾದಿದ್ದೆ. ಹೊಟ್ಟೆಯ ಮೇಲಿನ ಕೈಯ ಕಥೆಯನ್ನು ನಿಧಾನವಾಗಿ, ಒಂದು ವಿವರವನ್ನೂ ಬಿಡದೆ ಹೇಳಿದೆ. ಅವಳ ಮುಖ ಸಣ್ಣದಾಗುವುದನ್ನು ನೋಡಬೇಕಿತ್ತು. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕುರ್ಚಿ ಎಳೆದುಕೊಂಡು, ಬುಧವಾರ ಏನಾಯಿತು, ಗುರುವಾರ ಏನಾಯಿತು ಎಂದು ಒಂದೊಂದೇ ಕೇಳಿ ಬರೆದುಕೊಂಡಳು. ಅವತ್ತಿನಿಂದ ತನ್ನ ರೋಗಿಗಳಿಗೆಲ್ಲ, ಕೆಲಸ ಮಾಡುವಾಗ ಉಸಿರು ಎಣಿಸಬೇಡಿ ಎಂದು ಹೇಳತೊಡಗಿದಳು. ನಾನು ಕಂಡುಹಿಡಿದದ್ದು ಪ್ಲೈವುಡ್ಡಿನ ಆಚೆಯಿಂದ ಅವಳ ದನಿಯಲ್ಲಿ ಕೇಳಿಬರುತ್ತಿತ್ತು, ನನಗಿಂತ ಚೆನ್ನಾಗಿ.

ಚಾಲಕರು ಗುರುವಾರ ಬಂದು ಅವಳ ಕೋಣೆಗೇ ಹೋದರು. ಅವಳು ಗೋಡೆ ಬಡಿದು ನನ್ನನ್ನು ಕರೆದಳು. ರೋಗಿಗಳಿದ್ದಾರೆ ಎಂದೆ. ಒಬ್ಬರೂ ಇರಲಿಲ್ಲ.

ನವೆಂಬರಿನಲ್ಲಿ ಒಂದು ಸಭೆಗೆ ನಾವಿಬ್ಬರೂ ಮಧ್ಯಾಹ್ನ ಸಿಂಧನೂರಿಗೆ ಹೋಗಬೇಕಿತ್ತು. ಅವಳು ಬೆಳಿಗ್ಗೆ ರಜೆಯಲ್ಲಿದ್ದಳು, ಲಿಂಗಸುಗೂರಿನಿಂದ ನೇರ ಬರುವವಳು. ನಾನು ಮಸ್ಕಿಯಲ್ಲಿ ರೋಗಿಗಳನ್ನು ಮುಗಿಸಿ, ತಡವಾಗಿ ಬೇವಿನ ಮರದ ಕೆಳಗೆ ಬಂದು ನಿಂತೆ. ಬಸ್ಸು ಬಂತು. ಮೆಟ್ಟಿಲ ಮೇಲೂ ಜನ. ಗಾಡಿ ಸರಿಯಾಗಿ ಮರದ ಎದುರಿಗೇ ನಿಂತಿತು, ಹ್ಯಾಂಡ್ ಬ್ರೇಕ್ ಎಳೆದ ಸದ್ದು ಕೇಳಿಸಿತು. ಅವರೇ. ಎಡಕ್ಕೆ ಬಾಗಿ ನಮ್ಮೆಲ್ಲರ ಮುಖಗಳನ್ನು ಒಂದೊಂದಾಗಿ ನೋಡಿದರು, ನನ್ನದನ್ನೂ. ಎಂಜಿನ್ ಪಕ್ಕದ ಸೀಟಿನಲ್ಲಿ ಪಕ್ಕದ ಕೋಣೆಯವಳು ಆರಾಮಾಗಿ ಕೂತಿದ್ದಳು. ನನ್ನನ್ನು ನೋಡಿ ಕೈ ಬೀಸಿದಳು.

ನಾನು ಮೆಟ್ಟಿಲಿಗೆ ಕಾಲಿಟ್ಟೆ.

"ಕಾಲಿಡಾಕ ಜಾಗ ಇಲ್ರಿ ಮೇಡಂ," ಎಂದರು ಅವರು. ದನಿ ಸ್ಥಿರವಾಗಿತ್ತು, ಎರಡೂ ಕೈ ತೊಡೆಯ ಮೇಲಿದ್ದವು. "ಹಿಂದ ಗಾಡಿ ಬರಾಕತ್ತೈತಿ, ಅದಕ್ಕ ಬರ್ರಿ."

ಕಾಲು ತೆಗೆದೆ. ಅವರು ಅವಸರ ಮಾಡದೆ ಗೇರ್ ಹಾಕಿದರು.